ಕುಸಲಿ ಹುಲ್ಲು ನಡೆದ ದಾರಿ

ನಮ್ಮ ಭಾಗ್ಯಶ್ರೀಗೆ ನೌಕರಿಯ ಆರ್ಡರ್ ಬಂತು. ಅರಣ್ಯ ರಕ್ಷಕಿ ಎಂದು ಸ್ಪಷ್ಟವಾಗಿ ಅಚ್ಚು ಹಾಕಿದ್ದಾರೆ, ಕೆಳಗೆ ದುಂಡನೆಯ ಶಿಕ್ಕಾ ಇದೆ, ನಾನೇ ಬೆರಳಿಟ್ಟು ನೋಡಿದೆ. ಪೋಸ್ಟಿನವನು ಬಾಗಿಲಲ್ಲಿ ಕೂಗಿದಾಗ ನಾನು ಹಲ್ಲು ತಿಕ್ಕುತ್ತಿದ್ದೆ. ಬಾಯಿ ಮುಕ್ಕಳಿಸುವುದನ್ನೂ ಮರೆತು ಓಡಿದೆ. ಈ ವಯಸ್ಸಿನಲ್ಲಿ ನಾನು ಓಡಿದ್ದನ್ನು ಕಂಡು ಎದುರು ಮನೆಯವರು ಯಾರಿಗೆ ಏನಾಯಿತೋ ಎಂದು ಗಾಬರಿಯಾಗಿ ಹೊರಗೆ ಬಂದರು. ಅವರ ಕೈಗೆ ಒಂದೊಂದು ಹಿಡಿ ಸಕ್ಕರೆ ಹಾಕಿದೆ. ಪೋಸ್ಟಿನವನ ಜೇಬಿಗೂ ಹಾಕಿದೆ. ಅವನು ಬೇಡ ಬೇಡ ಎನ್ನುತ್ತಿದ್ದ, ಇರುವೆ ಹತ್ತುತ್ತವೆ ಎನ್ನುತ್ತಿದ್ದ. ಹತ್ತಲಿ.

ಭಾಗ್ಯಶ್ರೀ ನನ್ನ ಮಗ ರೇವಣಸಿದ್ದನ ಮಗಳು. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಮಾಡಿದ ಕೆಲಸವನ್ನೇ ಅವಳು ಮಾಡಲು ಹೊರಟಿದ್ದಾಳೆ. ಅದೂ ಎಲ್ಲಿ, ಹುಮನಾಬಾದಿನಿಂದ ಚಿಟಗುಪ್ಪ ಕಡೆಗೆ ಹೋಗುವ ಆ ಕೆಂಪು ನೆಲದ ಮೇಲೆ. ಆರ್ಡರಿನಲ್ಲಿ ಆ ಹೆಸರು ಓದಿದಾಗ ಮತ್ತೆ ಮತ್ತೆ ಅದೇ ಸಾಲನ್ನು ಓದಿದೆ. ಮನೆಯವರೆಲ್ಲ ಸಂತೋಷಕ್ಕೆ ಎಂದುಕೊಂಡರು. ಅರ್ಧ ನಿಜ.

ಆಮೇಲೆ ಹುಡುಗಿ ನನ್ನ ಪಕ್ಕದಲ್ಲಿ ಬಂದು ಕುಳಿತು ಪರೀಕ್ಷೆಗೆ ಓದಿದ ಪುಸ್ತಕಗಳಲ್ಲಿ ಕಾಯಿದೆ ಇದೆ, ಕಾಡುಪ್ರಾಣಿ ಇದೆ, ಹುಲ್ಲಿನ ಬಗ್ಗೆ ಎರಡು ಪುಟ ಮಾತ್ರ ಇದೆ ಎಂದಳು. 'ಮುತ್ಯಾ, ನೀ ಮಾಡಿದ ಕೆಲಸ ಹ್ಯಾಂಗಿತ್ತು ಅಂತ ಖರೇ ಖರೇ ಬರದು ಕೊಡು' ಎಂದಳು. ಖರೇ ಖರೇ ಎಂದು ಎರಡು ಸಲ ಅಂದದ್ದರಿಂದ ಈ ಕಾಗದಕ್ಕೆ ಕೈ ಹಾಕಿದ್ದೇನೆ. ನಾನು ಓದಿದ್ದು ನಿಜಾಮರ ಕಾಲದ ಉರ್ದು ಸಾಲೆಯಲ್ಲಿ ಮೂರನೇ ಇಯತ್ತೆವರೆಗೆ. ಕನ್ನಡ ಅಕ್ಷರ ಕಲಿತದ್ದು ನಮ್ಮ ಜಿಲ್ಲೆ ಈ ರಾಜ್ಯಕ್ಕೆ ಸೇರಿದ ಮೇಲೆ, ಬಸ್ಸಿನ ಹಣೆಬೋರ್ಡು ಮತ್ತು ಅಂಗಡಿ ಬೋರ್ಡು ನೋಡಿ. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು. ಬಡ್ತಿಯ ಸುದ್ದಿ ಬರೆಯುವುದಿಲ್ಲ. ಎರಡು ಸಲ ಬಂತು, ಎರಡು ಸಲವೂ ಟೋಪಿ ಬದಲಾಯಿತು, ತಲೆ ಅದೇ ಇತ್ತು.

ಐವತ್ತಾರನೇ ಇಸವಿಯಲ್ಲಿ ನಾನು ಕುರಣದ ಕಾವಲಿಗೆ ಸೇರಿದೆ. ಕುರಣ ಎಂದರೆ ಸರಕಾರ ಬೇಲಿ ಹಾಕಿ ಕಾಯುವ ಹುಲ್ಲುಗಾವಲು. ಮೊದಲು ಅಲ್ಲಿಯ ಹುಲ್ಲು ನಿಜಾಮರ ಕುದುರೆಗಳಿಗೆ ಹೋಗುತ್ತಿತ್ತು. ಆಮೇಲೆ ಸುತ್ತಲ ಹಳ್ಳಿಯ ದನ ಕುರಿಗಳಿಗೆ ಪಾಸು ಕೊಟ್ಟು ಸರದಿಯ ಮೇಲೆ ಮೇಯಿಸುವುದು ಶುರುವಾಯಿತು. ಕುರಣವನ್ನು ನಾಲ್ಕು ಪಾಲು ಮಾಡಿದ್ದರು. ಮೂರು ಪಾಲಿನಲ್ಲಿ ಮಳೆಗಾಲದ ಎಳೆ ಹುಲ್ಲನ್ನು ಮೇಯಬಹುದು. ನಾಲ್ಕನೆಯದನ್ನು ಆ ವರ್ಷ ಪೂರ್ತಿ ಮುಚ್ಚಬೇಕು. ಹುಲ್ಲು ಬೆಳೆದು, ತೆನೆ ಹಾಕಿ, ಬೀಜ ನೆಲಕ್ಕೆ ಉದುರುವತನಕ ಒಂದು ಗೊರಸೂ ಒಳಗೆ ಹೋಗಬಾರದು. ಉದುರಿದ ಮೇಲೆ ಗೇಟು ತೆರೆದರೆ ಕುರಿಗಳು ಒಣಹುಲ್ಲು ಮೇಯುತ್ತವೆ, ಅವುಗಳ ಕಾಲ ಕೆಳಗೆ ಬೀಜ ಮಣ್ಣಿಗೆ ಇಳಿಯುತ್ತದೆ. ಮರುವರ್ಷ ಇನ್ನೊಂದು ಪಾಲು ಮುಚ್ಚುವುದು. ಗೇಟು ಯಾವತ್ತು ತೆರೆಯಬೇಕು ಎಂಬುದೇ ನಮ್ಮ ಕೆಲಸದ ಜೀವ. ಅದನ್ನು ಹೇಳುವವನು ಕಾವಲುಗಾರ.

ಯಾಕೆಂದರೆ ಅಲ್ಲಿ ಹೆಚ್ಚಿಗೆ ಇದ್ದದ್ದು ಕುಸಲಿ ಹುಲ್ಲು. ಎಳೆಯದಾಗಿದ್ದಾಗ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ತೆನೆ ಬಲಿತ ಮೇಲೆ ಅದರ ಬೀಜ ಸೂಜಿಯಾಗುತ್ತದೆ. ಮುಂದೆ ಮೊನೆ, ಹಿಂದೆ ಬೆರಳುದ್ದದ ಕಪ್ಪು ಬಾಲ. ಬಾಲ ಹುರಿ ಹಾಕಿದ ದಾರದ ಹಾಗೆ ಇರುತ್ತದೆ. ತೇವ ತಾಗಿದರೆ ಹುರಿ ಬಿಚ್ಚುತ್ತದೆ, ಬಿಸಿಲು ಬಿದ್ದರೆ ಮತ್ತೆ ಹುರಿಗೊಳ್ಳುತ್ತದೆ. ಹಾಗೆ ತಿರುಗುತ್ತ ತಿರುಗುತ್ತ ಮೊನೆ ನೆಲದೊಳಗೆ ಇಳಿಯುತ್ತದೆ. ನೆಲ ಸಿಗದಿದ್ದರೆ ಏನು ಸಿಕ್ಕಿತೋ ಅದರೊಳಗೆ.

ನನಗೆ ಕೆಲಸ ಕಲಿಸಿದವರು ಖಾಸಿಂ ಚಾಚಾ, ಹಳೆಯ ಕಾವಲುಗಾರರು. ಮೊದಲ ವಾರವೇ ಒಂದು ಕುಸಲಿ ಬೀಜವನ್ನು ನನ್ನ ಅಂಗೈ ಮೇಲಿಟ್ಟು ಒಂದು ಹನಿ ನೀರು ಬಿಟ್ಟರು. ಸತ್ತ ಕಡ್ಡಿಯಂತೆ ಬಿದ್ದಿದ್ದದ್ದು ಮೆಲ್ಲಗೆ ತಲೆ ಎತ್ತಿತು. ಬಾಲ ಗಡಿಯಾರದ ಮುಳ್ಳಿನಂತೆ ಒಂದು ಸುತ್ತು ಬಂತು. ಮೊನೆ ಚರ್ಮ ಹುಡುಕುತ್ತಿರುವುದು ನನಗೆ ಗೊತ್ತಾಗುತ್ತಿತ್ತು. ನಾನು ಕೈ ಝಾಡಿಸಿದೆ. ಚಾಚಾ ನಗಲಿಲ್ಲ.

ಇನ್ನೊಂದು ದಿನ ಕಾರ್ತಿಕದ ಸುಡುಮಧ್ಯಾಹ್ನ ಮುಚ್ಚಿದ ಪಾಲಿನ ಅಂಚಿನಲ್ಲಿ ನನ್ನನ್ನು ಕೂಡ್ರಿಸಿ ಮಾತಾಡಬೇಡ, ಕೇಳು ಎಂದರು. ಗಾಳಿ ಇರಲಿಲ್ಲ. ಎದೆಮಟ್ಟದ ಕೆಂಪು ಹುಲ್ಲು ದಿಗಂತದವರೆಗೆ ನಿಂತಿತ್ತು. ಅದರ ಬೀಜದ ಬಾಲಗಳು ಒಂದಕ್ಕೊಂದು ಸುತ್ತಿಕೊಂಡು ಹೆಣೆದ ಜಡೆಗಳ ಹಾಗೆ ಜೋತುಬಿದ್ದಿದ್ದವು. ಸಾವಿರಾರು ಕಪ್ಪು ಜಡೆ, ಕೆಳಗೆ ಮುಖ ಮಾತ್ರ ಇಲ್ಲ. ಸ್ವಲ್ಪ ಹೊತ್ತಿಗೆ ಚಿಟ್, ಚಿಟ್ ಎಂದು ಸದ್ದು ಕೇಳತೊಡಗಿತು. ಮೊದಲು ಹತ್ತಿರ, ಆಮೇಲೆ ದೂರ, ಆಮೇಲೆ ಎಲ್ಲ ಕಡೆ. ಯಾರೋ ಬಹಳ ಮಂದಿ ಪಿಸುದನಿಯಲ್ಲಿ ಲೆಕ್ಕ ಎಣಿಸಿದ ಹಾಗೆ. ಬಿಸಿಲಿಗೆ ಬಾಲಗಳು ಹುರಿಗೊಂಡು ಬೀಜಗಳು ಕಳಚುವ ಸದ್ದು ಅದು ಎಂದು ಚಾಚಾ ಹೇಳಿದರು. ಆ ಸದ್ದು ಪೂರ್ತಿ ನಿಂತ ಮೇಲೆ ಒಳಗೆ ಹೋಗಿ ನೋಡಬೇಕು, ಆಮೇಲೆ ಗೇಟು. ಅವರು ದಖ್ಖನಿಯಲ್ಲಿ 'ಬಾಜೂಸೆ ನಕ್ಕೋ ದೇಖೋ, ಬೀಚ್ ಮೆ ಜಾವ್' ಎನ್ನುತ್ತಿದ್ದರು. ಅಂಚಿನಿಂದ ನೋಡಬೇಡ, ನಡುವೆ ಹೋಗು ಎಂದು. ದಾರಿಯ ಬದಿಯ ಹುಲ್ಲಿನ ಜಡೆಯನ್ನು ಹೋಗುವ ಬರುವ ಗಾಡಿ, ದನ ಒರಸಿಕೊಂಡು ಹೋಗಿರುತ್ತವೆ. ಅದು ಬೇಗ ಬೋಳಾಗುತ್ತದೆ. ನಡುವಿನದು ಹಾಗಲ್ಲ. ಇದು ಮೂರನೇ ಇಯತ್ತೆಯವನಿಗೂ ಅರ್ಥವಾಗುವ ಮಾತು. ಚಾಚಾ ತೀರಿಕೊಂಡ ಮೇಲೂ ನಾಲ್ಕೈದು ವರ್ಷ ಅದನ್ನು ತಪ್ಪದೆ ಪಾಲಿಸಿದೆ.

ಒಂದು ಸಲ ಪಾಲಿಸಲಿಲ್ಲ.

ಆಗ ಅರವತ್ತರ ದಶಕ ಅರ್ಧ ಕಳೆದಿತ್ತು. ಚಿಟಗುಪ್ಪ ಕಡೆಯ ಒಂದು ಸಣ್ಣ ಹಳ್ಳಿಯಲ್ಲಿ, ನಮ್ಮ ಕಡೆ ವಾಡಿ ಎನ್ನುತ್ತಾರೆ, ಮಾಳಪ್ಪ ಎಂಬ ಕುರುಬ ಇದ್ದ. ನನ್ನದೇ ವಯಸ್ಸು. ಕರಿ ಉಣ್ಣೆಯ ಕುರಿಗಳ ಒಳ್ಳೆಯ ಹಿಂಡು ಅವನದು, ಅವನ ಅಪ್ಪ ಬಿಟ್ಟುಹೋದದ್ದು, ಅದು ಬಿಟ್ಟರೆ ಅವನಿಗೆ ಹೊಲ ಗಿಲ ಏನೂ ಇರಲಿಲ್ಲ. ನಮ್ಮ ಕುರಣದ ಪಾಸು ಇತ್ತು. ಆ ವರ್ಷ ಹೊರಗಿನ ಹುಲ್ಲು ಬೇಗ ಮುಗಿದಿತ್ತು. ಮಾಳಪ್ಪ ದಿನಾ ಗೇಟಿಗೆ ಬಂದು ನಿಲ್ಲುತ್ತಿದ್ದ. ಕೇಳುತ್ತಿರಲಿಲ್ಲ, ಕುರಿಗಳನ್ನು ತೋರಿಸುತ್ತಿದ್ದ. ಅವುಗಳ ಪಕ್ಕೆ ಒಳಗೆ ಹೋಗಿದ್ದವು.

ಒಂದು ದಿನ ಬೆಳಿಗ್ಗೆ ಹುಮನಾಬಾದಿನಿಂದ ಒಬ್ಬರು ಸೈಕಲ್ ಮೇಲೆ ಬಂದು ನನಗೆ ಗಂಡು ಮಗು ಹುಟ್ಟಿದೆ ಎಂದು ಹೇಳಿದರು. ಮೊದಲನೆಯ ಮಗು. ಇವತ್ತು ಬೆಳಿಗ್ಗೆ ಆಯಿತಲ್ಲ, ಅದೇ ಸ್ಥಿತಿ. ಕೈ ಕಾಲು ಎಲ್ಲಿ ಎಂದೇ ಗೊತ್ತಿರಲಿಲ್ಲ. ಮಾಳಪ್ಪ ಗೇಟಿನ ಹತ್ತಿರ ಇದ್ದ. ನಾನು ಬೇಲಿಗುಂಟ ನಾಲ್ಕು ಹೆಜ್ಜೆ ಹೋಗಿ ಹುಲ್ಲು ನೋಡಿದೆ. ಅಂಚು ಬೋಳಾಗಿತ್ತು. ಉದುರಿದೆ ಎಂದೆ. ಗೇಟಿನ ಅಗುಳಿ ತೆಗೆದೆ, ಕುರಿ ಬಿಡು ಎಂದೆ, ಮಗು ನೋಡಲು ಊರಿನ ದಾರಿ ಹಿಡಿದೆ. ಮಾಳಪ್ಪ ಒಂದು ಸಲ ಖಾತ್ರಿನಾ ಎಂದು ಕೇಳಿದ್ದ. ಖಾತ್ರಿ ಎಂದಿದ್ದೆ.

ಮರುದಿನ ಹೊತ್ತಲ್ಲದ ಹೊತ್ತಿನಲ್ಲಿ ತುಂತುರು ಮಳೆ ಬಂತು. ಅದರ ಮರುದಿನ ನಾನು ಪೇಡೆಯ ಪೊಟ್ಟಣ ಹಿಡಿದು ಕುರಣಕ್ಕೆ ಹಿಂದಿರುಗಿದೆ. ಮುಂಜಾನೆಯ ಮಂಜು ಇನ್ನೂ ಕರಗಿರಲಿಲ್ಲ. ಗೇಟಿನ ಹೊರಗೆ ಮಾಳಪ್ಪನ ಹಿಂಡು ನಿಂತಿತ್ತು. ಒಂದೂ ಬ್ಯಾ ಎನ್ನುತ್ತಿರಲಿಲ್ಲ. ಒಂದೂ ಹುಲ್ಲಿಗೆ ಬಾಯಿ ಹಾಕುತ್ತಿರಲಿಲ್ಲ. ಎಲ್ಲವೂ ಕಾಲು ಅಗಲಿಸಿ ಕಲ್ಲಿನ ಹಾಗೆ ನಿಂತಿದ್ದವು. ಹತ್ತಿರ ಹೋದಾಗ ನೋಡಿದೆ. ಕುರಿಗಳು ಅಲ್ಲಾಡುತ್ತಿರಲಿಲ್ಲ, ಅವುಗಳ ಉಣ್ಣೆ ಅಲ್ಲಾಡುತ್ತಿತ್ತು. ಗಾಳಿ ಇಲ್ಲದೆ, ತನ್ನಷ್ಟಕ್ಕೆ, ಬೆನ್ನಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ಕುತ್ತಿಗೆಗೆ ಉಣ್ಣೆ ಮೆಲ್ಲಗೆ ತಿರುಗುತ್ತಿತ್ತು. ನೆನೆದ ಕುಸಲಿ ಬಾಲಗಳು ಒಳಗೆ ಹುರಿ ಬಿಚ್ಚುತ್ತಿದ್ದವು. ಪ್ರತಿ ಬಾಲದ ಇನ್ನೊಂದು ತುದಿಯಲ್ಲಿ ಒಂದು ಮೊನೆ, ಆ ಮೊನೆ ಎಲ್ಲಿದೆ ಎಂದು ನನಗೆ ಗೊತ್ತು.

ಮಾಳಪ್ಪ ಒಂದೊಂದೇ ಕಿತ್ತು ತೆಗೆಯುತ್ತ ಕುಳಿತಿದ್ದ. ಬೆರಳುಗಳು ರಕ್ತವಾಗಿದ್ದವು.

ಅಷ್ಟರಲ್ಲಿ ನಮ್ಮ ಮೇಲಿನವರು, ದಾರೋಗಾ ಎಂದು ಕರೆಯುತ್ತಿದ್ದೆವು, ಬಂದರು. ಹೆಸರು ಬೇಡ, ಮನುಷ್ಯ ಕೆಟ್ಟವರಲ್ಲ, ಆದರೆ ತನಿಖೆಯನ್ನು ಚಹಾ ಆರುವುದರೊಳಗೆ ಮುಗಿಸುವ ಸ್ವಭಾವ. ಮುಚ್ಚಿದ ಪಾಲಿನೊಳಗೆ ಕುರಿಯ ಹೆಜ್ಜೆ ನೋಡಿ ಮಾಳಪ್ಪನಿಗೆ ಗೇಟು ಯಾರು ತೆಗೆದರು ಎಂದು ಕೇಳಿದರು.

'ನಾ ತಗದಿಲ್ರಿ ಸಾಹೇಬ್ರ' ಎಂದ ಮಾಳಪ್ಪ. ಅಷ್ಟೇ ಹೇಳಿದ.

ದಾರೋಗಾ ನನ್ನ ಕಡೆ ತಿರುಗಿದರು.

'ನಾ ಎರಡ ದಿನ ಇಲ್ಲಿ ಇದ್ದಿಲ್ರಿ. ಮಗನ್ನ ನೋಡಾಕ ಹೋಗಿದ್ದೆ' ಎಂದೆ.

ಆ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅದಕ್ಕೇ ಅದು ನಿಂತಿತು. ದಾರೋಗಾ ಮಾಳಪ್ಪನ ಪಾಸು ಇಸಿದುಕೊಂಡು ಎರಡು ತುಂಡು ಮಾಡಿದರು. ಇನ್ನು ಮೇಲೆ ಈ ಕುರಣದಲ್ಲಿ ಅವನ ಕುರಿ ಕಾಲಿಡಬಾರದು ಎಂದರು. ಮಾಳಪ್ಪ ನನ್ನ ಕೈಯಲ್ಲಿದ್ದ ಪೊಟ್ಟಣ ನೋಡಿದ.

'ಗಂಡೋ ಹೆಣ್ಣೋ?' ಎಂದ.

'ಗಂಡು' ಎಂದೆ.

'ಬೆಳೀಲಿ' ಎಂದು ಕುರಿಗಳನ್ನು ಹೊಡೆದುಕೊಂಡು ಹೊರಟ.

ಅವನ ವಾಡಿ ಮುಟ್ಟುವ ಮುಂಚೆಯೇ ಕುರಿಗಳು ಬೀಳತೊಡಗಿದವು. ಆಮೇಲೆ ಕೇಳಿದ ಸುದ್ದಿ ಇದು. ಕುರಣದಿಂದ ವಾಡಿಯತನಕ, ಕೆಲವು ಆ ದಿನ, ಕೆಲವು ಮುಂದಿನ ದಿನಗಳಲ್ಲಿ ನೀರಿಗೆಂದು ಹೊಡೆದುಕೊಂಡು ಹೋದಾಗ ಬಿದ್ದವು. ತೊಗಲಿನ ವ್ಯಾಪಾರಿ ಬಂದು ನೋಡಿ ಜರಡಿಯಂತಾದ ಚರ್ಮ ಬೇಡ ಎಂದನಂತೆ. ಹಾಗಾಗಿ ಉಣ್ಣೆ ಸಮೇತ, ಬಿದ್ದ ಬಿದ್ದಲ್ಲೇ, ಮೊಳಕಾಲುದ್ದದ ಗುಂಡಿ ತೋಡಿ ಮಣ್ಣು ಎಳೆದ ಮಾಳಪ್ಪ. ಮುರುಮದ ನೆಲ, ಆಳ ತೋಡಲು ಬರುವುದಿಲ್ಲ.

ನಾನು ಕೆಲಸ ಮಾಡಿಕೊಂಡಿದ್ದೆ. ಮಗ ಬೆಳೆಯುತ್ತಿದ್ದ. ಮಾಳಪ್ಪ ಕಲ್ಲು ಒಡೆಯುವ ಕೂಲಿಗೆ ಹೋಗುತ್ತಿದ್ದಾನೆ ಎಂದು ಕೇಳಿದೆ.

ಮರುವರ್ಷ ಮುಂಗಾರಿನ ಮೊದಲ ಮಿರಗದ ಮಳೆ ಬಿದ್ದು ಹದಿನೈದು ದಿನಕ್ಕೆ ಚಿಟಗುಪ್ಪ ಕಡೆಯ ದಾರಿಯಲ್ಲಿ ಹೋಗುತ್ತಿದ್ದೆ. ಮಧ್ಯಾಹ್ನ, ಮಳೆ ನಿಂತು ಬಿಸಿಲು ಬಿದ್ದಿತ್ತು. ಗೇಟಿನಿಂದ ನೂರು ಹೆಜ್ಜೆ ಆಚೆ, ಎಂದೂ ಕುಸಲಿ ಇಲ್ಲದ ಬಂಜರು ನೆಲದಲ್ಲಿ, ಎಳೆ ಕುಸಲಿ ಎದ್ದಿತ್ತು. ಒತ್ತಾಗಿ, ಕಡು ಹಸಿರಾಗಿ. ಅಲ್ಲಿಯೇ ನಿಂತುಬಿಟ್ಟೆ. ಹುಲ್ಲು ಮಲಗಿದ ಕುರಿಯ ಆಕಾರದಲ್ಲಿ ಇತ್ತು. ಹೊಟ್ಟೆಯ ಕಡೆ ದಪ್ಪ, ಕಾಲಿನ ಕಡೆ ತೆಳು, ಕುತ್ತಿಗೆ ಮುಂದಕ್ಕೆ ಚಾಚಿದ ಹಾಗೆ. ನನ್ನ ಕಣ್ಣಿನ ತಪ್ಪು ಎಂದುಕೊಂಡು ಮುಂದೆ ನಡೆದೆ. ಸ್ವಲ್ಪ ದೂರದಲ್ಲಿ ಇನ್ನೊಂದು. ಅದರಾಚೆ ಎರಡು, ತಾಯಿ ಮರಿ ಅಂಟಿಕೊಂಡು ಬಿದ್ದ ಹಾಗೆ. ಎಲ್ಲದರ ಕುತ್ತಿಗೆಯೂ ಮಾಳಪ್ಪನ ವಾಡಿಯ ಕಡೆಗೇ.

ಓದಿದವರು ಇದರಲ್ಲಿ ಏನಿದೆ ಎನ್ನಬಹುದು. ಉಣ್ಣೆಯಲ್ಲಿ ಬೀಜ ಇತ್ತು, ಬೀಜ ಮಣ್ಣಿಗೆ ಹೋಯಿತು, ಗೊಬ್ಬರ ಸಿಕ್ಕಿತು, ಎದ್ದಿತು. ನನಗೂ ಅದು ಗೊತ್ತು. ಗೊತ್ತಿದ್ದರೂ ಆ ದಾರಿಯಲ್ಲಿ ನಾನು ಹಿಂದೆ ತಿರುಗಿ ನೋಡಿದೆ, ಹಿಂದೆ ತಿರುಗಿ ನೋಡಿದ್ದಕ್ಕೆ ಇನ್ನಷ್ಟು ಹೆದರಿದೆ.

ಆಮೇಲೆ ನಾನು ಮಾಡಿದ್ದನ್ನು ಯಾವ ಕಾವಲುಗಾರನೂ ಮಾಡಿರಲಾರ. ಹುಲ್ಲು ಕಾಯುವ ಸಂಬಳ ತಿನ್ನುತ್ತ ಕದ್ದು ಹುಲ್ಲು ಕಿತ್ತೆ. ಯಾರೂ ಇಲ್ಲದ ಉರಿಬಿಸಿಲಿನ ಹೊತ್ತು ನೋಡಿ, ಕುಡುಗೋಲು ತೆಗೆದುಕೊಂಡು ಹೋಗಿ ಒಂದೊಂದು ಕುರಿಯನ್ನೂ ಕಿತ್ತು ಹಾಕಿದೆ. ಕುಸಲಿಯ ಬೇರು ಬುಡದಲ್ಲಿ ಗಂಟು ಹಾಕಿಕೊಂಡಿರುತ್ತದೆ, ಅರ್ಧ ಬರುತ್ತದೆ, ಅರ್ಧ ಉಳಿಯುತ್ತದೆ. ಮುಂದಿನ ಮಳೆಗೆ ಮತ್ತೆ ಅದೇ ಆಕಾರ. ಒಂದು ಬೇಸಿಗೆ ಬೆಂಕಿ ಇಟ್ಟೆ. ಕುಸಲಿಗೆ ಬೆಂಕಿ ಎಂದರೆ ಹಬ್ಬ ಎಂದು ನನಗೆ ಗೊತ್ತಿರಬೇಕಾಗಿತ್ತು. ಸುತ್ತಲಿನ ಬೇರೆ ಹುಲ್ಲು ಸತ್ತು ಇದು ಒಂದಕ್ಕೆರಡಾಗಿ ಎದ್ದಿತು. ಕುರಿಗಳು ಕೊಬ್ಬಿದ ಹಾಗೆ. ನಾಲ್ಕೈದು ವರ್ಷದಲ್ಲಿ ಅವು ಒಂದಕ್ಕೊಂದು ಕೂಡಿ ಗೇಟಿನಿಂದ ವಾಡಿಯವರೆಗೆ ಒಂದು ಗೆರೆ ಆಯಿತು. ಹಳ್ಳಿಯ ಹೆಂಗಸರು ಆ ದಾರಿಗೆ ಹೋಗುವುದನ್ನು ಬಿಟ್ಟರು. ಮಳೆಗಾಲದಲ್ಲಿ ಸತ್ತ ಹಿಂಡು ಏಳುತ್ತದೆ ಎನ್ನುತ್ತಿದ್ದರು. ಕಾರ್ತಿಕದ ಮಧ್ಯಾಹ್ನ ನಾನು ಅಲ್ಲಿ ನಿಂತರೆ ಅದೇ ಚಿಟ್ ಚಿಟ್ ಸದ್ದು ಕೇಳುತ್ತಿತ್ತು, ಗೊರಸುಗಳು ಸಣ್ಣ ಕಲ್ಲಿನ ಮೇಲೆ ನಡೆದ ಹಾಗೆ.

ಎಪ್ಪತ್ತರ ಸುಮಾರಿಗೆ ಮೈಸೂರು ಕಡೆಯಿಂದ ಒಬ್ಬ ಎಳೆಯ ಸಾಹೇಬರು ಬಂದರು. ಹುಲ್ಲಿನ ಸಾಹೇಬರು ಎಂದು ನಾವು ಕರೆದೆವು. ಯಾವ ಹುಲ್ಲು ಎಲ್ಲೆಲ್ಲಿ ಇದೆ ಎಂದು ನಕ್ಷೆ ಬರೆಯುವುದು ಅವರ ಕೆಲಸ. ಅಲ್ಲಿಯತನಕ ನಮ್ಮಲ್ಲಿ ಹುಲ್ಲು ಅಳೆಯುವುದೆಂದರೆ ಕಣ್ಣಳತೆ. ಅವರು ನಾಲ್ಕು ಕಟ್ಟಿಗೆಪಟ್ಟಿಯ ಒಂದು ಚೌಕಟ್ಟು ತಂದಿದ್ದರು. ಅದನ್ನು ಹುಲ್ಲಿನಲ್ಲಿ ಎಸೆಯುವುದು, ಚೌಕದೊಳಗೆ ಯಾವ ಹುಲ್ಲಿನ ಬುಡ ಎಷ್ಟಿವೆ ಎಂದು ಎಣಿಸುವುದು, ನಕ್ಷೆಯಲ್ಲಿ ಬಣ್ಣ ತುಂಬುವುದು. ಕುಸಲಿಗೆ ಕೆಂಪು ಪೆನ್ಸಿಲ್. ದಾರೋಗಾ ಅವರ ಜೊತೆ ತಿರುಗಲು ನನ್ನನ್ನೇ ಹಾಕಿದರು.

ಕುರಣದೊಳಗೆ ಎರಡು ವಾರ ಚೆನ್ನಾಗಿ ನಡೆಯಿತು. ಮೂರನೇ ವಾರ ಅವರು ಗೇಟಿನ ಹೊರಗೆ ಬಂದು ಸುಮ್ಮನೆ ನಿಂತರು.

'ಶರಣಪ್ಪ, ಇದು ಇಲ್ಲಿಗೆ ಹೇಗೆ ಬಂತು?' ಎಂದರು.

ಗಾಳಿಗೆ ಬಂದಿರಬೇಕು ಎಂದೆ. ಕುಸಲಿ ಬೀಜ ಗಾಳಿಗೆ ದೂರ ಹಾರುವುದಿಲ್ಲ, ಯಾರೋ ಹೊತ್ತುಕೊಂಡು ಹೋಗಿರಬೇಕು ಎಂದರು. ಒಂದು ಕೆಂಪು ಚುಕ್ಕೆ ಇಟ್ಟರು. ಮುಂದೆ ಹೋದರು, ಇನ್ನೊಂದು ಚುಕ್ಕೆ. ಬೆಳಿಗ್ಗೆ ಹೊರಟವರು ಮಧ್ಯಾಹ್ನದವರೆಗೆ ಚುಕ್ಕೆ ಇಡುತ್ತಲೇ ನಡೆದರು, ನಾನು ಚೌಕಟ್ಟು ಹೊತ್ತು ಹಿಂದೆ. ನಡುವೆ ಒಂದು ಕಡೆ ನಿಂತು, ಇವು ನೋಡಲು ಏನೋ ಮಲಗಿದ ಹಾಗೆ ಇವೆಯಲ್ಲ ಎಂದರು. ಹಾಗಾದರೆ ನನ್ನ ಕಣ್ಣಿಗೊಂದೇ ಅಲ್ಲ. ಹೊತ್ತ ಚೌಕಟ್ಟು ಭಾರವಾಯಿತು.

ಚುಕ್ಕೆಗಳು ಮಾಳಪ್ಪನ ಅಂಗಳದಲ್ಲಿ ಮುಗಿದವು. ಅಲ್ಲಿ ಅವನ ಹಳೆಯ ಕುರಿದಡ್ಡಿ ಇತ್ತು, ಸುತ್ತ ಕಲ್ಲಿನ ಗೋಡೆ. ದಡ್ಡಿಯ ತುಂಬ ಎದೆಮಟ್ಟ ಕುಸಲಿ. ಒತ್ತೊತ್ತಾಗಿ, ಗೋಡೆಗೆ ಮೈ ಉಜ್ಜಿಕೊಂಡು, ಹೊರಗೆ ಬರಲು ಕಾಯುತ್ತಿರುವ ಹಾಗೆ. ಯಾರೂ ಅದನ್ನು ಕಿತ್ತಿರಲಿಲ್ಲ. ಮಾಳಪ್ಪ ಹೊರಗೆ ಬಂದ. ತಲೆ ನೆರೆತಿತ್ತು, ಕೈ ತುಂಬ ಕಲ್ಲಿನ ಗಾಯ. ನಮ್ಮಿಬ್ಬರಿಗೂ ನೀರು ತಂದುಕೊಟ್ಟ.

ಸಾಹೇಬರು ಈ ಹುಲ್ಲು ಇಲ್ಲಿಗೆ ಯಾರು ತಂದರು ಎಂದು ಕೇಳಿದರು.

'ನನ್ನ ಕುರಿ ತಂದಾವ್ರಿ.'

'ಕುರಿ ಎಲ್ಲಿವೆ?'

'ಇವೇರಿ' ಎಂದು ದಡ್ಡಿ ತೋರಿಸಿದ.

ಸಾಹೇಬರ ಪೆನ್ಸಿಲ್ ನಿಂತಿತು. ಬೀಜ ಇದ್ದಾಗ ಒಳಗೆ ಯಾಕೆ ಬಿಟ್ಟೆ ಎಂದು ಕೇಳಿದರು. ಮಾಳಪ್ಪ ನನ್ನ ಕಡೆ ನೋಡಲಿಲ್ಲ. ಇಷ್ಟು ವರ್ಷ ಸುಮ್ಮನಿದ್ದ ಹಾಗೆಯೇ ಸುಮ್ಮನಿದ್ದ. ದಡ್ಡಿಯೊಳಗೆ ಹುಲ್ಲು ಒಂದು ಸಲ ಅಲ್ಲಾಡಿತು. ಗಾಳಿ ಇತ್ತೋ ಇಲ್ಲವೋ ನೆನಪಿಲ್ಲ.

'ಬಿಡು ಅಂತ ನಾ ಹೇಳಿದ್ದೆರಿ' ಎಂದೆ. 'ಗೇಟ್ ನಾನ ತಗದಿದ್ದೆ. ಒಳಗ ಹೋಗಿ ನೋಡಿದ್ದಿಲ್ಲ.'

ಸಾಹೇಬರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ನಕ್ಷೆ ಇಟ್ಟುಕೊಂಡಿದ್ದ ಹಲಗೆ ನನ್ನ ಮುಂದೆ ಇಟ್ಟು, ಕೈಗೆ ಸಿಕ್ಕ ಅದೇ ಕೆಂಪು ಪೆನ್ಸಿಲ್ ಕೊಟ್ಟು, ಬರೆದು ಕೊಡು ಎಂದರು. ನಾನು ಕನ್ನಡದಲ್ಲಿ ಬರೆದ ಮೊದಲ ಕಾಗದ ಅದು. ಮಾಳಪ್ಪನ ಅಂಗಳದಲ್ಲಿ ಕುಳಿತು, ಬೆವರಿಗೆ ಕಾಗದ ಅಂಟುತ್ತ, ಆರು ಸಾಲು ಬರೆಯಲು ಹೊತ್ತು ಇಳಿಯಿತು. ಮಾಳಪ್ಪನ ಪಾಸು ಅವನಿಗೆ ತಿರುಗಿ ಕೊಡಬೇಕು ಎಂಬುದು ಕೊನೆಯ ಸಾಲು.

ನನ್ನನ್ನು ಕೆಲಸದಿಂದ ತಡೆದರು, ಒಂದು ಮಳೆಗಾಲ ಪೂರ್ತಿ. ಮನೆಯಲ್ಲಿ ಕುರಣಕ್ಕೆ ಬೆಂಕಿ ಬಿದ್ದದ್ದಕ್ಕೆ ಎಂದು ಹೇಳಿದೆ. ಆಮೇಲೆ ಅದೇ ಗೇಟಿಗೆ ತಿರುಗಿ ಬಂದೆ. ಮಾಳಪ್ಪನಿಗೆ ಪಾಸು ಬಂತು. ಆದರೆ ಪಾಸಿಗೆ ಕುರಿ ಬೇಕಲ್ಲ. ಬೇರೆಯವರ ನಾಲ್ಕಾರು ಹೆಣ್ಣುಕುರಿಗಳನ್ನು ಮರಿಯ ಪಾಲಿಗೆ ಸಾಕಲು ಹಿಡಿದಿದ್ದ. ಆ ವರ್ಷ ಮುಚ್ಚಿದ ಪಾಲು ತೆರೆಯುವ ಹೊತ್ತಿಗೆ ಅವುಗಳನ್ನು ಹೊಡೆದುಕೊಂಡು ಗೇಟಿಗೆ ಬಂದ.

ನಾನು ಒಳಗೆ ಹೋಗಿ ನೋಡಿದ್ದೆ. ಸದ್ದು ನಿಂತದ್ದನ್ನೂ ಕೇಳಿದ್ದೆ. ಬಿಡಬಹುದು ಎಂದೆ. ಅವನು ಬಿಡಲಿಲ್ಲ. ಹೆಗಲ ಮೇಲಿನ ಕರಿ ಕಂಬಳಿ ತೆಗೆದು ನನ್ನ ಕೈಗೆ ಕೊಟ್ಟ.

'ಇದನ್ನ ಹೊದ್ಕೊಂಡು ಆ ತುದಿಗೆ ಹೋಗಿ ಬರ್ರಿ' ಎಂದ.

ಹೊದ್ದುಕೊಂಡು ಹುಲ್ಲಿನ ನಡುವೆ ನಡೆದೆ. ಆ ನಡಿಗೆ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಸುತ್ತ ಹುಲ್ಲು, ಮೈಮೇಲೆ ಕುರಿಯ ಉಣ್ಣೆ, ಕುರಿಯ ವಾಸನೆ. ನಾನೇ ಆ ಹಿಂಡಿನಲ್ಲಿ ಒಂದು ಎಂದು ಅನಿಸಿತು. ಹಿಂದೆ ಮುಂದೆ ಇನ್ನೂ ಬಹಳ ನಡೆಯುತ್ತಿವೆ, ನಾನು ನಿಂತರೆ ಅವೂ ನಿಲ್ಲುತ್ತವೆ. ತುದಿ ಮುಟ್ಟಿ ಬಂದೆ. ಮಾಳಪ್ಪ ಕಂಬಳಿಯನ್ನು ಬಂಡೆಯ ಮೇಲೆ ಹಾಸಿ ಅಂಗೈಯಿಂದ ನೀರು ಚಿಮುಕಿಸಿದ. ಇಬ್ಬರೂ ಕುಕ್ಕರುಗಾಲಿನಲ್ಲಿ ಕುಳಿತು ನೋಡಿದೆವು. ಒಂದು ಬೀಡಿ ಸೇದುವಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಮೂಲೆಯಲ್ಲಿ ಕಂಬಳಿಯ ಕೂದಲು ಎದ್ದಿತು. ಮೆಲ್ಲಗೆ ತಿರುಗಿತು. ಇನ್ನೊಂದು ಕಡೆಯೂ.

ಮಾಳಪ್ಪ ಗೇಟಿನ ಅಗುಳಿ ತಾನೇ ಹಾಕಿದ. ಎಂಟು ದಿನ ಬಿಟ್ಟು ಬಂದ. ಮತ್ತೆ ಕಂಬಳಿ, ಮತ್ತೆ ನಡಿಗೆ, ಮತ್ತೆ ನೀರು. ಈ ಸಲ ಕಂಬಳಿ ಬರೀ ಕಂಬಳಿಯಾಗಿಯೇ ಇತ್ತು. ಆಗ ಗೇಟು ತೆರೆದು ಕುರಿಗಳನ್ನು ಬಿಟ್ಟ. ನನ್ನನ್ನು ಕ್ಷಮಿಸಿದೆ ಎಂದು ಅವನು ಯಾವತ್ತೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುಂದೆ ನಾನು ಅಲ್ಲಿ 'ಬಿಡಬಹುದು' ಎಂದಾಗಲೆಲ್ಲ ಅವನು ಕಂಬಳಿ ಕೊಡುತ್ತಿದ್ದ, ನಾನು ಹೊದ್ದು ನಡೆಯುತ್ತಿದ್ದೆ. ಉಳಿದ ಕುರುಬರೂ ಅದನ್ನೇ ಕೇಳತೊಡಗಿದರು.

ಆಮೇಲೆ ನನ್ನನ್ನು ಕಲ್ಯಾಣದ ಕಡೆಯ ಕುರಣಕ್ಕೆ ಹಾಕಿದರು. ಅಲ್ಲಿಯೂ ಕಂಬಳಿ ಒಯ್ದೆ. ಎಂಬತ್ತರ ನಂತರ ಬಂದ ಒಬ್ಬ ಮೇಲಧಿಕಾರಿ ಇದೆಲ್ಲ ಖಾಲಿ ಜಾಗ, ಗಿಡ ಹಚ್ಚಿ ಎಂದರು. ಖಾಲಿ ಅಲ್ಲರಿ ಎಂದೆ. ನಕ್ಕು, ಟೆರಿಲಿನ್ ಪ್ಯಾಂಟಿನಲ್ಲಿ ಬಲಿತ ಕುಸಲಿಯೊಳಗೆ ನಡೆದರು. ಹೊರಗೆ ಬಂದವರು ಜೀಪಿನಲ್ಲಿ ಕುಳಿತು ಸಂಜೆಯತನಕ ಕಾಲಿನಿಂದ ಮುಳ್ಳು ಆರಿಸುತ್ತಿದ್ದರು. ಆದರೂ ಅರ್ಧ ಕುರಣಕ್ಕೆ ಗುಂಡಿ ತೋಡಿಸಿದರು. ಗಿಡದ ನೆರಳಿಗೆ ಹುಲ್ಲು ಹೋಯಿತು. ಕುರಿಗಳೂ ಬೇರೆ ಕಡೆ ಹೋದವು. ಅದು ನನ್ನ ತಪ್ಪಲ್ಲ, ಆದರೂ ಆ ಗುಂಡಿಗಳ ಪಕ್ಕ ಹಾಯದೆ ಸುತ್ತು ಹಾಕಿ ಹೋಗುತ್ತಿದ್ದೆ.

ಭಾಗ್ಯಶ್ರೀ, ಮಾಳಪ್ಪ ಈಗಿಲ್ಲ. ಆ ಗೆರೆ ಇದೆ, ನೀನು ಕಾಯುವ ಬೀಟಿನಲ್ಲಿಯೇ ಬರುತ್ತದೆ. ಮಿರಗದ ಮಳೆ ಆದ ಮೇಲೆ ನಡೆದು ನೋಡು. ಹೆದರಿಕೆಯಾದರೆ ಆಗಲಿ. ಕೀಳಬೇಡ.

ಇಲ್ಲಿಯವರೆಗೆ ಬರೆದದ್ದನ್ನು ಸಂಜೆ ಹುಡುಗಿ ಪಡಸಾಲೆಯಲ್ಲಿ ಕುಳಿತು ಎಲ್ಲರಿಗೂ ಕೇಳುವಂತೆ ಓದಿದಳು. ಬೆಂಕಿಯ ಸುಳ್ಳಿನ ಜಾಗ ಬಂದಾಗ ನಾನು ಎದ್ದು ಹೊರಗೆ ಹೋಗಿ ನಿಂತೆ. ಓದಿ ಮುಗಿದ ಮೇಲೆ ಒಳಗೆ ಬಂದೆ. ರೇವಣಸಿದ್ದ, 'ನಾ ಹುಟ್ಟಿದ ಖುಷಿಗೆ ಅಷ್ಟು ಕುರಿ ಹ್ವಾದವು ಅಂದಂಗಾತು' ಎಂದ. ಸೊಸೆ ಎಲೆ ಹಾಕಿದಳು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಪಲ್ಯ, ರೊಟ್ಟಿ. ಸಂತೋಷದ ಊಟ, ಎಲ್ಲರೂ ತಲೆ ತಗ್ಗಿಸಿ ಕುಳಿತಿದ್ದರು.

ನನ್ನ ಹೆಂಡತಿ ಕಾಶೀಬಾಯಿ ತುಪ್ಪ ಬಡಿಸುತ್ತ ಬಂದು ನನ್ನ ಎಲೆಯ ಮುಂದೆ ನಿಂತಳು.

'ಆವತ್ತ ನೀವು ಕೂಸಿನ್ನ ತೊಡಿ ಮ್ಯಾಲ ಹಾಕ್ಕೊಂಡಾಗ ಅದು ಚೀರಾಕತ್ತಿತ್ತು' ಎಂದಳು. 'ನಿಮ್ಮ ಧೋತರದ ಅಂಚಿನಾಗ ಕುಸಲಿ ಇದ್ದವು. ನಾನ ಒಂದೊಂದ ತಗದೆ. ಹುಲ್ಲು ಉದುರಿಲ್ಲ ಅಂತ ನನಗ ಆವತ್ತೇ ಗೊತ್ತಿತ್ತು. ಮಾಳಪ್ಪನ ಕುರಿ ಸತ್ತ ಸುದ್ದಿ ಕೇಳಿದಾಗ ಉಳಿದದ್ದೂ ಗೊತ್ತಾತು.'

ಬೇಲಿಗುಂಟ ಹೋದ ಆ ನಾಲ್ಕು ಹೆಜ್ಜೆ. ಅಥವಾ ಊರಿಗೆ ಬೇಗ ಮುಟ್ಟಲೆಂದು ಮೂಲೆ ಹಾಯ್ದು ಹೋಗಿದ್ದೆನೋ. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

'ನೀವ ಹೇಳ್ತೀರಿ ಅಂತ ಕಾದೆ' ಎಂದಳು. 'ಇವತ್ತ ಹೇಳಿದ್ರಿ. ಹೋಳಿಗಿ ಆರಾಕತ್ತಾವ, ತಿನ್ರಿ.'

ಭಾಗ್ಯಶ್ರೀ ತನ್ನ ಎಲೆಯಿಂದ ಒಂದು ತುಂಡು ಮುರಿದು ಅವಳಪ್ಪನ ಎಲೆಗೆ ಹಾಕಿದಳು. ರೇವಣಸಿದ್ದ ತುಪ್ಪ ನನ್ನ ಕಡೆಗೆ ಸರಿಸಿದ. ಕಾಶೀಬಾಯಿ ತಾನೂ ಒಂದು ಎಲೆ ಹಾಕಿಕೊಂಡು ನನ್ನ ಪಕ್ಕಕ್ಕೇ ಕುಳಿತಳು. ಎಲ್ಲರೂ ಊಟ ಮಾಡಿದೆವು.